ಚಾಲಕನ ಬೂಟಿನ ಚಮಚ

ಬೂಟು ಇತ್ತು. ಬೂಟಿನೊಳಗೆ ಒಣಗಿ ಗಟ್ಟಿಯಾದ ಜೇಡಿಮಣ್ಣಿತ್ತು. ಆ ಮಣ್ಣಿನ ನಡುವೆ ಚಮಚದ ಆಕಾರದ ಟೊಳ್ಳಿತ್ತು. ಚಮಚ ಮಾತ್ರ ಇರಲಿಲ್ಲ.

ಶೋಧಕರ ತಂಡದ ಉಲ್ಯಾನಾ ಇನ್ನೊಮ್ಮೆ ಬೆರಳಿಟ್ಟು ನೋಡಿದಳು. ನಂತರ ಪೊಲೀಸ್ ಠಾಣೆಗೆ ಫೋನ್ ಮಾಡಿದಳು.

ಸೊಸ್ನೊವ್ಕಾ ಹಳ್ಳಿಯ ಜೌಗಿನಿಂದ ಹಿಂದಿನ ದಿನವಷ್ಟೇ ಆ ಟ್ಯಾಂಕು ಹೊರಬಂದಿತ್ತು. ಯುದ್ಧಕಾಲದಲ್ಲಿ ಕೆಸರು ನುಂಗಿದ್ದನ್ನು, ಕಾಣೆಯಾದ ಸೈನಿಕರ ಅಸ್ಥಿ ಹುಡುಕುವ ಈ ತಂಡ ಉಕ್ಕಿನ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದಿತ್ತು. ಒಳಗೆ ನಾಲ್ವರ ಅಸ್ಥಿಗಳಿದ್ದವು. ಅಂದಿನ ಸೈನಿಕರು ಬೂಟಿನೊಳಗೆ ಚಮಚ ಸಿಕ್ಕಿಸಿಕೊಂಡಿರುತ್ತಿದ್ದರು. ಅದರ ಹಿಡಿಯ ಮೇಲೆ ಹೆಸರು ಕೆತ್ತುತ್ತಿದ್ದರು. ಕಾಗದ ಕೊಳೆತುಹೋದರೂ ಚಮಚ ಉಳಿಯುತ್ತಿತ್ತು. ಮೂವರ ಚಮಚಗಳು ಜಾಗದಲ್ಲೇ ಇದ್ದವು. ಚಾಲಕನದು ಕಳುವಾಗಿತ್ತು.

* * *

ಕ್ಯಾಪ್ಟನ್ ರಯೀಸಾ ಮತ್ವೇಯೆವ್ನಾ ಬಂದಾಗ ತಂಡವೆಲ್ಲ ಡೇರೆಯ ಮುಂದೆ ನಿಂತಿತ್ತು. ನಾಯಕ ಯೆರೆಮೇಯ್ ಫೋಮಿಚ್ ಅರ್ಧ ಆಯುಷ್ಯವನ್ನು ಇಂಥ ಜೌಗುಗಳಲ್ಲೇ ಕಳೆದ ಮನುಷ್ಯ. ಚಮಚ ಹೋದರೂ ನಷ್ಟವಿಲ್ಲ ಎಂದು ಅವನು ವಿವರಿಸಿದ. ಕೆಲವು ದಿನಗಳ ಹಿಂದೆ ಕೆಸರಿನಿಂದ ಟ್ಯಾಂಕಿನ ಫಿರಂಗಿ ಗೋಪುರ ಮೇಲೆದ್ದ ಕೂಡಲೇ ಅದರ ಸಂಖ್ಯೆಯನ್ನು ಸೈನ್ಯದ ದಾಖಲೆಗಳೊಂದಿಗೆ ಹೋಲಿಸಿದ್ದರು. ಆ ಟ್ಯಾಂಕಿನ ಚಾಲಕ ತೀಖೋನ್ ಝುರಾವ್ಲ್ಯೊವ್.

ಆ ಹೆಸರು ರಯೀಸಾಳಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಅವನ ತಂಗಿ ಪೆಲಗೇಯಾ ಅಜ್ಜಿ, ಅಣ್ಣನ ಕೊನೆಯ ಸುದ್ದಿ ಈ ಕಡೆಯಿಂದ ಬಂದಿತ್ತೆಂಬ ಒಂದೇ ಕಾರಣಕ್ಕೆ ಹುಟ್ಟೂರು ಬಿಟ್ಟು ಬಂದು ಜೌಗಿನ ಅಂಚಿನಲ್ಲಿ ನೆಲೆಸಿದ್ದಳು. ಸರ್ಕಾರ ಅವನನ್ನು ಸುಳಿವಿಲ್ಲದೆ ಕಾಣೆಯಾದವನೆಂದು ಬರೆದು ಕೈತೊಳೆದುಕೊಂಡಿತ್ತು. ಜನ ಓಡಿಹೋದವನೆಂದರು. ತಾಯಿ ಆ ಮಾತು ಕೇಳುತ್ತಲೇ ಸತ್ತಳು. ತಂಗಿ ಅದನ್ನು ಕೇಳುತ್ತಲೇ ಮುದುಕಿಯಾದಳು. ಈಗ ಟ್ಯಾಂಕಿನೊಳಗೆ, ತನ್ನ ಜಾಗದಲ್ಲೇ ಕುಳಿತು ಸತ್ತವನು ಓಡಿಹೋದವನಾಗಿರಲು ಸಾಧ್ಯವಿರಲಿಲ್ಲ. ಇವತ್ತು ಮಧ್ಯಾಹ್ನವೇ ಅಂತ್ಯಕ್ರಿಯೆ ಎಂದು ಊರಿಗೆಲ್ಲ ಹೇಳಿಯಾಗಿತ್ತು.

* * *

ಮೊದಲ ಅನುಮಾನ ಗ್ಲೆಬ್‌ನ ಮೇಲೆ. ಯುದ್ಧದ ಪದಕ, ಶಿರಸ್ತ್ರಾಣಗಳನ್ನು ಕದ್ದು ಮಾರುವುದೇ ಅವನ ಕಸುಬು. ಹಿಂದಿನ ಸಂಜೆ ಅವನ ಮೋಟಾರ್ ಸೈಕಲ್ಲು ಇಲ್ಲಿ ಸುಳಿದಾಡಿತ್ತು. ರಯೀಸಾ ಅವನ ಕೊಟ್ಟಿಗೆಯನ್ನು ಜಾಲಾಡಿದಳು. ತುಕ್ಕು ಹಿಡಿದ ಬೆಲ್ಟಿನ ಕೊಂಡಿಗಳು ಸಿಕ್ಕವು, ಚಮಚ ಸಿಗಲಿಲ್ಲ.

"ಚಮಚನಾ?" ಎಂದು ಗ್ಲೆಬ್ ನಕ್ಕ. "ಸಂತೇಲಿ ಅದನ್ನ ಕೇಳೋರೇ ಇಲ್ಲ, ಕ್ಯಾಪ್ಟನಮ್ಮ. ಕದಿಯೋದಾಗಿದ್ರೆ ಟ್ಯಾಂಕಿನ ದುರ್ಬೀನು ಕದೀತಿದ್ದೆ. ನಾನು ಕಳ್ಳ ಇರಬಹುದು, ಪೆದ್ದ ಅಲ್ಲ."

ದುರ್ಬೀನು ನಿಜಕ್ಕೂ ಟ್ಯಾಂಕಿನಲ್ಲೇ ಇತ್ತು. ಹಾಗಾದರೆ ಕಳ್ಳನಿಗೆ ಬೇಕಾಗಿದ್ದದ್ದು ಲೋಹವಲ್ಲ. ಹಿಡಿಯ ಮೇಲಿನ ಹೆಸರು.

* * *

ರಯೀಸಾ ಮತ್ತೆ ಬೂಟಿನ ಮುಂದೆ ಕುಳಿತಳು. ಟೊಳ್ಳಿನ ಅಂಚು ಬೆಣ್ಣೆಯಂತೆ ನುಣುಪಾಗಿತ್ತು. ಒಣಮಣ್ಣಿನಿಂದ ಕಿತ್ತಿದ್ದರೆ ಅದು ಪುಡಿಯಾಗಬೇಕಿತ್ತು. ಮಣ್ಣು ಹಸಿಯಾಗಿದ್ದಾಗಲೇ ಚಮಚ ಹೋಗಿದೆ. ಬಿಸಿಲಿಗೆ ಇಟ್ಟ ಬೂಟುಗಳು ಸಂಜೆಯೊಳಗೆ ಒಣಗಿದ್ದವು. ಗ್ಲೆಬ್ ಬಂದದ್ದು ಸಂಜೆಗೆ.

ಹಿಂದಿನ ಮಧ್ಯಾಹ್ನ ಬೂಟುಗಳನ್ನು ಸಾಲಾಗಿ ಇಟ್ಟವಳು ಉಲ್ಯಾನಾ. ಆಗ ಚಮಚದ ತುದಿ ಕಂಡಿತ್ತೆಂದಳು. ಮಾರನೆಯ ಬೆಳಿಗ್ಗೆ ತೊಳೆಯುವವರೆಗೂ ಯಾವುದನ್ನೂ ಕೀಳಬಾರದೆಂಬುದು ತಂಡದ ನಿಯಮ. ಆಮೇಲೆ ಎಲ್ಲರೂ ಗಂಜಿಗೆ ಕುಳಿತರು. ಬೂಟುಗಳ ಬಳಿ ಯಾರಿದ್ದರೆಂದು ರಯೀಸಾ ಒಬ್ಬೊಬ್ಬರನ್ನೂ ಕೇಳಿದಳು. ಯಾರೂ ಇರಲಿಲ್ಲ ಎಂದೇ ಎಲ್ಲರ ಉತ್ತರ.

"ಹಂಗಾದ್ರೆ ಸತ್ತೋರನ್ನ ಅಷ್ಟು ಹೊತ್ತು ಒಂಟಿಯಾಗಿ ಬಿಟ್ಟಿದ್ರಾ?"

ಉಲ್ಯಾನಾಳಿಗೆ ನೋವಾಯಿತು. "ಒಂಟಿಯಾಗಿ ಹೆಂಗೆ ಬಿಡ್ತೀವಿ? ಯೆರೆಮೇಯ್ ಫೋಮಿಚ್ ಕೂತಿದ್ರಲ್ಲ..."

ತಾನು ಹೇಳಿದ್ದೇನೆಂದು ಅವಳಿಗೂ ಆಗಲೇ ಹೊಳೆಯಿತು.

ಅದು ಶೋಧಕರ ಪದ್ಧತಿ. ಸತ್ತವರ ಪಾಲೆಂದು ಲೋಟದಲ್ಲಿ ವೋಡ್ಕಾ ಸುರಿದು, ಮೇಲೆ ಕಪ್ಪು ರೊಟ್ಟಿಯ ತುಂಡಿಟ್ಟು, ನಾಯಕನೊಬ್ಬನೇ ಅವರ ಬಳಿ ಕೂರುತ್ತಾನೆ. ಉಳಿದವರು ಬೆನ್ನು ತಿರುಗಿಸಿ ಉಣ್ಣುತ್ತಾರೆ. ಹಾಗೆ ಕುಳಿತವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

* * *

"ಚಮಚವನ್ನ ನೀವು ಎಸೆದಿರ್ಲಿಕ್ಕಿಲ್ಲ. ನಿಮ್ಮ ಮೈಮೇಲೇ ಇರಬೇಕು," ಎಂದಳು ರಯೀಸಾ.

ಯೆರೆಮೇಯ್ ವಾದಿಸಲಿಲ್ಲ. ಬಗ್ಗಿ, ತನ್ನ ಬೂಟಿನೊಳಗಿಂದಲೇ ಅದನ್ನು ತೆಗೆದ. ಹಿಡಿಯ ಮೇಲೆ ಮೊಳೆಯಿಂದ ಗೀಚಿದ ಹೆಸರು, ಊರು ಇದ್ದವು: ಜಕೀರ್ ಗಾಲಿಮೊವ್, ಕಜಾನ್.

ಚಾಲಕ ತೀಖೋನ್ ಅಲ್ಲ. ಆ ದಿನ ಅವನ ಜಾಗದಲ್ಲಿ ಬೇರೊಬ್ಬ ಕುಳಿತಿದ್ದ.

ಚಮಚ ತೊಳೆದು ಹೆಸರು ಓದುವ ಮುನ್ನ ಸತ್ತವರ ಮನೆಯವರಿಗೆ ಹೇಳಬಾರದೆಂಬ ನಿಯಮ ಮಾಡಿದವನೇ ಯೆರೆಮೇಯ್. ಪೆಲಗೇಯಾ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ, ಗೋಪುರದ ಸಂಖ್ಯೆಯನ್ನೇ ನಂಬಿ, ಅವಳ ಮನೆಗೆ ಓಡಿದ್ದವನೂ ಅವನೇ.

"ಸುದ್ದಿ ಕೇಳಿ ಅಜ್ಜಿ ಎದ್ದು ಕೂತ್ಲು," ಎಂದ ಅವನು. "ಕೋಲು ಹಿಡ್ಕೊಂಡು ಪಕ್ಕದ ಮನೆಗೆ ಹೋಗಿ, ನನ್ನಣ್ಣ ಓಡಿಹೋಗಿರ್ಲಿಲ್ಲ ಅಂತ ಹೇಳಿ ಬಂದ್ಲು. ಆಮೇಲೆ ನಿನ್ನೆ ನಾನು ಚಮಚ ಒರೆಸಿ ಈ ಹೆಸರು ಓದಿದೆ. ಬೇರೆಯವರ ಕಣ್ಣಿಗೆ ಬೀಳಬಾರ್ದು ಅಂತ ತಗೊಂಡೆ. ಎಸೆಯೋಕೆ ಹೋದೆ, ರಯೀಸಾ ಮತ್ವೇಯೆವ್ನಾ. ಕೈ ಬರ್ಲಿಲ್ಲ."

"ಕಜಾನಿನಲ್ಲೂ ಒಬ್ಬ ತಂಗಿ ಕಾಯ್ತಿರಬಹುದು."

"ಗೊತ್ತು. ಕೇಸು ಹಾಕಿ. ಈಗಲೇ ಕರ್ಕೊಂಡು ಹೋಗಿ."

"ಠಾಣೆಗೆ ಆಮೇಲೆ. ಮೊದಲು ಅಜ್ಜಿ ಹತ್ರ. ಹೇಳಿದೋರು ನೀವು, ನೀವೇ ಹೇಳಬೇಕು."

* * *

ಪೆಲಗೇಯಾ ಕರಿ ಶಾಲು ಹೊದ್ದು ಜಗಲಿಯ ಮೇಲೆ ಸಿದ್ಧಳಾಗಿ ಕುಳಿತಿದ್ದಳು. ಯೆರೆಮೇಯ್ ಅವಳ ಮುಂದೆ ಮೊಣಕಾಲೂರಿ ಎಲ್ಲವನ್ನೂ ಹೇಳಿದ. ಅವಳು ಚಮಚವನ್ನು ಕೈಗೆ ತೆಗೆದುಕೊಂಡು, ಗೀಚಿದ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು.

"ಈ ಮಗೂನ ಅವನ ಮನೆಗೆ ಕಳಿಸಿ," ಎಂದಳು. ಚಮಚವನ್ನು ಅವನ ಕೈಗೆ ಹಿಂದಿರುಗಿಸಿ ಕೇಳಿದಳು, "ಅವತ್ತು ನಮ್ಮ ತೀಖೋನ್ ಎಲ್ಲಿದ್ದ?"

ಗಾಯಗೊಂಡು ಹಿಂದೆ ಉಳಿದಿರಬಹುದು, ಬೇರೆ ಟ್ಯಾಂಕಿಗೆ ಹೋಗಿರಬಹುದು ಎಂದು ಯೆರೆಮೇಯ್ ತಡವರಿಸಿದ.

"ಇರಬಹುದು," ಎಂದಳು ಮುದುಕಿ. "ಇರಬಹುದು ಅಂತ ಪಕ್ಕದ ಮನೇಲಿ ಹೇಳ್ಲಾ?"

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಪಕ್ಕದ ಮನೆಯ ಕ್ಲಾವ್ದಿಯಾ ಸತ್ತವನ ಹೆಸರಿನಲ್ಲಿ ಹಂಚಲು ಹೊಯ್ದ ದೋಸೆಗಳ ತಟ್ಟೆ ಹಿಡಿದು ಒಳಬಂದಳು. ಬಿಳಿ ಬಟ್ಟೆ ಮುಚ್ಚಿದ್ದ ತಟ್ಟೆಯಿಂದ ಇನ್ನೂ ಹಬೆ ಏಳುತ್ತಿತ್ತು. ತೀಖೋನ್ ಓಡಿಹೋದನೆಂದು ತಾನು ಇಷ್ಟು ವರ್ಷ ಆಡಿದ ಮಾತಿಗೆ ಅವಳು ಜಗಲಿಯ ಮುಂದೆ ನಿಂತು ಕ್ಷಮೆ ಕೇಳಿದಳು. ಅಂತ್ಯಕ್ರಿಯೆಗೆ ಎಷ್ಟು ಹೊತ್ತಿಗೆ ಹೊರಡುವುದೆಂದೂ ಕೇಳಿದಳು.

ಪೆಲಗೇಯಾ ತಟ್ಟೆಯ ಮೇಲೆ ಕೈಯಿಟ್ಟು, ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ತಗೊಂಡು ಹೋಗು, ಕ್ಲಾವಾ. ಅವನು ಇನ್ನೂ ಬಂದಿಲ್ಲ."