ನಾಲ್ಕನೇ ದಿನದ ಇಂಜೆಕ್ಷನ್

ಹದಿನಾರನೇ ತಾರೀಖು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬಸ್ ಚಾಲಕನ ಅಕ್ಕ ಠಾಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನ ತಮ್ಮನನ್ನ ಆಸ್ಪತ್ರೆಯವರೇ ಕೊಂದ್ರು. ಬರ್ಕೊಳ್ಳಿ.”

“ಜ್ವರ ಯಾವತ್ತು ಬಂತಮ್ಮಾ?” ಇನ್ಸ್‌ಪೆಕ್ಟರ್ ಕೇಳಿದ.

“ಎಂಟನೇ ತಾರೀಖು. ಹತ್ತಕ್ಕೆ ಆಸ್ಪತ್ರೆಗೆ ಸೇರಿಸಿದ್ವಿ. ಹನ್ನೊಂದಕ್ಕೆ ಅದೇನೋ ಹೊಸ ಇಂಜೆಕ್ಷನ್ ಕೊಟ್ರು. ಹದಿನಾಲ್ಕಕ್ಕೆ ಹೆಣ ಕೊಟ್ರು.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಜ್ವರದ ವಾರ್ಡಿನ ವೈದ್ಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡತೊಡಗಿದಾಗ ಇನ್ಸ್‌ಪೆಕ್ಟರನಿಗೆ ಮೈ ಉರಿಯಿತು.

“ನೆಟ್ಟಗೆ ಹೇಳಿ. ಆ ಇಂಜೆಕ್ಷನ್ ಏನು ಮಾಡುತ್ತೆ?”

“ವೈರಸ್ ಹೊಕ್ಕಾಗ ಜೀವಕೋಶಗಳು ಸಂಕೇತ ಕಳಿಸಿ ರಕ್ಷಣಾ ಕಣಗಳನ್ನ ಕರೆಸ್ತವೆ. ವಾರ ಕಳೆದ್ರೂ ಸಂಕೇತ ನಿಲ್ಲದಿದ್ರೆ ಆ ಕಣಗಳೇ ಶ್ವಾಸಕೋಶ ಹಾಳು ಮಾಡ್ತವೆ. ಇಂಜೆಕ್ಷನ್ ಆ ಸಂಕೇತವನ್ನ ತಡೆಯುತ್ತೆ. ಏಳು ದಿನ ತುಂಬಿದ ಮೇಲೇ ಕೊಡ್ಬೇಕು.”

“ಮೊದಲೇ ಕೊಟ್ರೆ?”

“ವೈರಸ್ಸಿಗೆ ಅಡ್ಡ ನಿಲ್ಲೋರೇ ಇರಲ್ಲ. ಆದ್ರೆ ಇವನಿಗೆ ಒಂಬತ್ತನೇ ದಿನ ಅಂತ ಹಿರಿಯ ಸಿಸ್ಟರ್ ಹೇಳಿದ್ರು. ಸಹಿ ಹಾಕಿದೆ.”

“ಕೇಸ್ ಶೀಟ್ ನೋಡ್ಲಿಲ್ವಾ?”

ವೈದ್ಯರು ಕೇಸ್ ಶೀಟನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಒಂದು ಜೀವ ಹೋಗಿದೆ, ಈ ಮನುಷ್ಯನಿಗೆ ಒಂದು ಹಾಳೆ ತಿರುವಲು ಪುರಸೊತ್ತಿರಲಿಲ್ಲ.

ಕೇಸ್ ಶೀಟಿನ ಮೊದಲ ಹಾಳೆಯಲ್ಲಿ ಜ್ವರ ಮೂರನೇ ತಾರೀಖಿನಿಂದ ಎಂದಿತ್ತು. ಮೂರರಿಂದ ಏಳರವರೆಗೆ ಚಾಲಕ ದಿನವೂ ಬಸ್ ಓಡಿಸಿದ್ದನೆಂದು ತೋರಿಸುವ ಹಾಜರಿ ಪುಸ್ತಕವನ್ನು ಕಾನ್‌ಸ್ಟೆಬಲ್ ಡಿಪೋದಿಂದ ತಂದ. ಅಷ್ಟೇ ಅಲ್ಲ, ಆ ಹಾಳೆ ಕೆಂಪು ಅಂಚಿನ ಹೊಸ ನಮೂನೆಯದು. ವಾರ್ಡಿನ ಸಾಮಾನು ವಹಿಯ ಪ್ರಕಾರ ಆ ಹಾಳೆಗಳ ಕಟ್ಟು ಬಂದದ್ದೇ ಹನ್ನೆರಡನೇ ತಾರೀಖಿಗೆ. ಹತ್ತನೇ ತಾರೀಖು ಹಾಕಿ ಬರೆದ ಅಕ್ಷರ ಹಿರಿಯ ಸಿಸ್ಟರ್‌ದು. ಸಂಜೆ ನಾಲ್ಕೂ ಹತ್ತಕ್ಕೆ ಪಂಚನಾಮೆ ಮುಗಿಯಿತು.

“ಹಳೇ ಹಾಳೆ ಎಲ್ಲಿ, ಸಿಸ್ಟರ್?”

“ಹರಿದೆ. ಅವನ ಸ್ಥಿತಿ ಕೈ ಮೀರಿದ ಮೇಲೆ.”

“ಯಾಕೆ ಸುಳ್ಳು ಹೇಳಿದ್ರಿ?”

“ಹೋದ ವರ್ಷ ನನ್ನ ಮಗಳಿಗೆ ಇದೇ ಜ್ವರ. ಏಳು ದಿನ ತುಂಬ್ಲಿ ಅಂದ್ರು. ಕಾದೆ. ಆರನೇ ದಿನ ಹೋದ್ಳು. ಇವನೂ ಅವಳ ಹಾಗೇ ಏದುಸಿರು ಬಿಡ್ತಿದ್ದ. ಉಳಿಸೋಣ ಅಂತಲೇ ಕೊಡಿಸಿದೆ.”

ಐದೂ ನಲವತ್ತಕ್ಕೆ ಸಿಸ್ಟರನ್ನು ಬಂಧಿಸಿ ಠಾಣೆಗೆ ಕರೆತಂದರು. ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಚಾಲಕನ ಅಕ್ಕ ಎದ್ದು ಅವಳ ಎದುರಿಗೆ ನಿಂತಳು. ಇನ್ಸ್‌ಪೆಕ್ಟರ್ ತಡೆಯಲಿಲ್ಲ.

“ಜ್ವರ ಎಂಟಕ್ಕೆ ಬಂತು ಅಂತ ನಾನೇ ನಿಮಗೆ ಹೇಳಿದ್ದೆ,” ಅಂದಳು ಅಕ್ಕ. “ನಿಮ್ಮ ಮಗಳ ವಿಷಯ ಒಂದು ಮಾತು ನನಗೆ ಹೇಳಿ, ಕೊಡ್ಲಾ ಅಂತ ಕೇಳಬಾರದಿತ್ತಾ?”