ನಗಿಸಲು ಬೆರೆಸಿದ ಬಣ್ಣ

"ಇನ್ನೂ ಕಪ್ಪು ಬೇಕು ಕಣೋ. ಬಾಗಿಲು ತೆಗೆದ ಕೂಡಲೇ ಜನ ಬಿದ್ದು ಬಿದ್ದು ನಗಬೇಕು," ಎಂದು ಅಣ್ಣ ಹೀರೋನ ಕೋಣೆಗೆ ಹೋದ. ಅಣ್ಣ ಆ ಸಿನಿಮಾದ ಮೇಕಪ್ ಮ್ಯಾನ್. ತಮ್ಮ ಅವನ ಕೈಕೆಳಗೆ.

ಅವತ್ತಿನ ಸೀನು ಇಷ್ಟು: ಫೋನಿನಲ್ಲಿ ಕೇಳಿದ ಇನಿದನಿಗೆ ಮರುಳಾಗಿ ಹೀರೋನ ಗೆಳೆಯ ಹೂಗುಚ್ಛ ಹಿಡಿದು ಹುಡುಗಿಯ ಮನೆಗೆ ಬರುತ್ತಾನೆ. ಬಾಗಿಲು ತೆರೆಯುತ್ತದೆ. ಕಪ್ಪು ಮುಖ ಕಂಡು ಮೂರ್ಛೆ ಹೋಗುತ್ತಾನೆ. ಅಷ್ಟೇ ಜೋಕು.

ಆ ಹುಡುಗಿಯಾಗಲು ಕನ್ನಡಿಯ ಮುಂದೆ ಕೂತ ನಟಿ ಬೆಳ್ಳಗಿದ್ದಳು. "ತೊಳೆದರೆ ಹೋಗುತ್ತೆ ತಾನೆ ಇದು?"

"ನಿಮಗೆ ಹೋಗುತ್ತೆ ಮೇಡಂ," ಎಂದಳು ಹಿಂದೆ ನಿಂತು ಅವಳ ತಲೆ ಬಾಚುತ್ತಿದ್ದ ಹೇರ್ ಡ್ರೆಸ್ಸರ್. ಸೆಟ್ಟಿನಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

ಕನ್ನಡಿಯಲ್ಲಿ ತಮ್ಮನ ಕಣ್ಣು ಗುಬ್ಬಿಯ ಕಣ್ಣಿಗೆ ಸಿಕ್ಕಿಬಿತ್ತು. ಅವಳು ಹುಬ್ಬು ಹಾರಿಸಿದಳು, ಅವನು ತಲೆ ತಗ್ಗಿಸಿದ. ದಿನವೂ ಹೀಗೇ. ನೋಟ ಮುಂದೆ ಓಡಿ, ಮಾತು ಹಿಂದೆ ಉಳಿಯುತ್ತಿತ್ತು. ಇವತ್ತು ಶೂಟಿಂಗ್ ಮುಗಿದ ಮೇಲೆ ಮದುವೆ ಮಾತು ಕೇಳಿಯೇ ಬಿಡಬೇಕೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ತಟ್ಟೆಗೆ ಕಂದು ಹಾಕಿದ, ಕಪ್ಪು ಹಾಕಿದ, ತುಸು ಕೆಂಪು ಬೆರೆಸಿದ. ದಿನವೂ ಹೇಳಿಕೊಂಡ ಪದ್ಯ ತಾನಾಗಿ ನಾಲಗೆಗೆ ಬರುವಂತೆ ಬಣ್ಣ ಬೆರಳಿಗೆ ಬಂತು. ಹಣೆ, ಕೆನ್ನೆ, ಗಲ್ಲ. ಮುಗಿಲಿನ ನೆರಳು ನೆಲದ ಮೇಲೆ ಹರಿದಂತೆ ಹರಡಿತು. ತಲೆ ಎತ್ತಿದರೆ ಕನ್ನಡಿಯಲ್ಲಿ ನಟಿಯ ಮುಖ, ಅದರ ಹಿಂದೆ ಗುಬ್ಬಿಯ ಮುಖ, ಎರಡಕ್ಕೂ ಒಂದೇ ಬಣ್ಣ.

ಗುಬ್ಬಿಯ ಬಾಚಣಿಗೆ ನಿಂತುಹೋಯಿತು.

"ಅಯ್ಯೋ, ಅಚ್ಚ ಕಪ್ಪು ಹುಡುಗಿ ಥರಾನೇ ಆದೆ!" ಎನ್ನುತ್ತ ನಟಿ ಸೆಟ್ಟಿಗೆ ಹೋದಳು.

ಬಾಗಿಲು ತೆರೆಯಿತು, ಗೆಳೆಯ ದೊಪ್ಪನೆ ಬಿದ್ದ. ಲೈಟಿನವರು, ಕಾಫಿ ತಂದವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಭೇಷ್ ಕಣೋ! ಮುಖ ನೋಡಿದ್ರೇನೇ ನಗು ಬರುತ್ತೆ," ಎಂದು ಅಣ್ಣ ಬೆನ್ನು ತಟ್ಟಿದ. ತಮ್ಮನ ಬಾಯಿಯೂ ಅರೆಗಳಿಗೆ ನಕ್ಕಿತು. ಗುಬ್ಬಿ ಅದನ್ನು ನೋಡಿದಳು.

ಮುಂದಿನ ಟೇಕಿಗೆ ಬೆಳಕು ಹೊಂದಿಸುವಷ್ಟರಲ್ಲಿ ಅವನು ಅವಳನ್ನು ಹುಡುಕಿ ಮೇಕಪ್ ರೂಮಿಗೆ ಓಡಿ ಬಂದ.

"ಬೇಕಂತ ಬೆರೆಸಿದ್ದಲ್ಲ. ನಿಮ್ಮ ಮುಖ ನನಗೆ ಬಾಯಿಪಾಠ. ಕೈಗೆ ಬೇರೆ ಬಣ್ಣ ಬರೋದೇ ಇಲ್ಲ."

"ಗೊತ್ತಾಯ್ತು." ಅವಳ ದನಿ ಮೆತ್ತಗಿತ್ತು. "ಬೇರೆ ಯಾರಾದ್ರೂ ಮಸಿ ಬಳಿದಿದ್ರೆ ನಾನೂ ನಕ್ಕು ಸುಮ್ಮನಾಗ್ತಿದ್ದೆ, ಅಭ್ಯಾಸ ಆಗಿದೆ. ಇದು ನನ್ನ ಮುಖಾನೇ ಅಲ್ವಾ?"

"ನಾನು ನಿಮ್ಮನ್ನ..."

"ಇವತ್ತು ಹೇಳಬೇಡಿ. ಏನು ಹೇಳಿದ್ರೂ ನನಗೆ ಆ ನಗುವೇ ಕೇಳಿಸುತ್ತೆ."

"ಹೋಗಿ ಒರೆಸಿಬಿಡ್ಲಾ?"

"ಒರೆಸ್ತೀರಾ?"

ಅವನು ಬಾಗಿಲವರೆಗೆ ಹೋದ. "ಏ ತಮ್ಮಾ, ಎಲ್ಲಿ ಹಾಳಾಗಿ ಹೋದ್ಯೋ? ಬೆವರಿಗೆ ಬಣ್ಣ ಇಳೀತಿದೆ, ಬಾರೋ!" ಹೊರಗಿನಿಂದ ಅಣ್ಣನ ಕೂಗು. ಅಮ್ಮ ಹೋದ ಮೇಲೆ ಅನ್ನ ಹಾಕಿ ಸಾಕಿದ ದನಿ ಅದು. ಅದಕ್ಕೆ ಇಲ್ಲ ಅಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಬಾಗಿಲಲ್ಲೇ ನಿಂತ.

ಗುಬ್ಬಿ ಕಾದಳು. ಆಮೇಲೆ ತಾನೇ ಬಣ್ಣದ ತಟ್ಟೆ ಎತ್ತಿ ಅವನ ಕೈಗಿತ್ತಳು. ಮೊದಲ ಸಲ ಅವಳ ಬೆರಳು ಅವನ ಬೆರಳಿಗೆ ತಾಕಿತು.

"ಹೋಗಿ," ಎಂದಳು. "ಕರೀತಿದಾರೆ."

ಅವನು ಹೋದ.