ಓಲೆ ಹಾಕುವ ಮುಂಚೆ ಒಂದು ಮಾತು

"ಮುಟ್ಬೇಡ ಅವಳನ್ನ!"

ಆ ಕೂಗಿಗೆ ಕೋಕ್-ಜಾರ್ ಊರಿನ ಸಭಾಭವನವೇ ಬೆಚ್ಚಿಬಿತ್ತು.

ರಂಗದ ಮೇಲೆ ಕುಸಿದು ಕೂತಿದ್ದ ಸಲ್ಕಿನ್ ತಲೆ ಎತ್ತುವಷ್ಟರಲ್ಲಿ, ಮೂರನೇ ಸಾಲಿನಿಂದ ಎದ್ದ ಆಸಾಮಿ ಒಂದೇ ನೆಗೆತಕ್ಕೆ ಮೇಲೆ ಬಂದಾಗಿತ್ತು. ಬಂದವನೇ ಮದುಮಗನ ಪಾತ್ರ ಮಾಡುತ್ತಿದ್ದ ಕುಬಾತ್‌ನ ಮೂಗಿಗೆ ಒಂದು ಬಿಗಿದ!

"ಅಯ್ಯಯ್ಯೋ... ರೀ! ಇದು ನಾಟಕ ಕಣ್ರೀ!" ಸಲ್ಕಿನ್ ಇಬ್ಬರ ನಡುವೆ ನುಗ್ಗಿದಳು.

ಅವನು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದ. ಆರಡಿ ಎತ್ತರ, ಬಿಸಿಲಿಗೆ ಕಪ್ಪಾದ ಮುಖ. ಆದರೆ ಆ ಕೈ ಗಡಗಡ ನಡುಗುತ್ತಿತ್ತು. ಕಣ್ಣಲ್ಲಿ ನೀರು!

'ಹೊಡೆಸಿಕೊಂಡವನು ಅಳಬೇಕು. ಹೊಡೆದವನು ಯಾಕೆ ಅಳ್ತಿದಾನೆ?' ಸಲ್ಕಿನ್‌ಗೆ ಸಿಟ್ಟಿನ ನಡುವೆಯೂ ಎದೆ ಚುರ್ರೆಂದಿತು.

ತಪ್ಪು ತಂಡದವರದ್ದೂ ಇತ್ತು ಬಿಡಿ. ಆ ನಾಟಕವೇ ಹಾಗೆ. ದಾರಿಯಲ್ಲಿ ಹೋಗುತ್ತಿದ್ದ ಹುಡುಗಿಯನ್ನು ಎತ್ತಿಕೊಂಡು ಬಂದು, ಮನೆಯ ಹೆಂಗಸರೆಲ್ಲ ಸೇರಿ ತಲೆಗೆ ಬಿಳಿ ವಸ್ತ್ರ ಹಾಕಿಬಿಡುತ್ತಾರೆ. ವಸ್ತ್ರ ಬಿದ್ದರೆ ಮುಗಿಯಿತು, ಅವಳು ಆ ಮನೆಯ ಸೊಸೆ. ಆ ಹೊತ್ತಿಗೆ ಸರಿಯಾಗಿ ನಾಟಕ ನಿಲ್ಲುತ್ತದೆ. ತಂಡದ ಯಜಮಾನಿ ಬರ್ಮೆತ್ ಅಕ್ಕ ಜನರತ್ತ ತಿರುಗಿ, "ನೀವಿದ್ದಿದ್ರೆ ಏನ್ ಮಾಡ್ತಿದ್ರಿ? ಬಂದು ಮಾಡಿ ತೋರಿಸಿ" ಅನ್ನುತ್ತಾಳೆ. ಎಲ್ಲ ಊರಲ್ಲೂ ಜನ ನೆಲ ನೋಡುತ್ತಾ ಕೂರುತ್ತಿದ್ದರು. ಇವನೊಬ್ಬ ನಿಜವಾಗಿಯೂ ಬಂದು ಮಾಡಿ ತೋರಿಸಿದ!

ಪರದೆಯ ಹಿಂದೆ ಅವನೇ ಕುಬಾತ್‌ನ ಮೂಗಿಗೆ ಹತ್ತಿ ಒತ್ತಿ ಹಿಡಿದ.

"ನೀವು ಡಾಕ್ಟ್ರಾ?" ಸಲ್ಕಿನ್ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಹೂಂ... ದನದ ಡಾಕ್ಟ್ರು."

"ಏನು! ದನದ ಡಾಕ್ಟ್ರಾ?" ಕುಬಾತ್ ಗಾಬರಿಯಿಂದ ಎದ್ದು ಕೂತ.

"ಅಲ್ಲಾಡ್ಬೇಡಿ ಅಣ್ಣ. ಹಸುವಿಗಾದ್ರೂ ಕುದುರೆಗಾದ್ರೂ ಮೂಗು ಮೂಗೇ."

ಸಲ್ಕಿನ್‌ಗೆ ನಗು ತಡೆಯಲಾಗಲಿಲ್ಲ. ಅವನು ತಿರುಗಿ ನೋಡಿದ. ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿ, ಜಡೆ ಸರಿಮಾಡಿಕೊಳ್ಳುವವಳ ಹಾಗೆ ಮುಖ ತಿರುಗಿಸಿದಳು.

ಅವನ ಹೆಸರು ಎರ್ಮೆಕ್.

ಮಾರನೆಯ ದಿನ ತಂಡದ ಚಾಲಕ ಜ್ವರ ಬಂದು ಮಲಗಿದ. ಇನ್ನೂ ಒಂಬತ್ತು ಊರು ಬಾಕಿ. "ಹೊಡೆದ ಏಟಿಗೆ ದಂಡ ಕಟ್ಟು, ವ್ಯಾನ್ ನೀನೇ ಓಡಿಸು" ಅಂದಳು ಬರ್ಮೆತ್ ಅಕ್ಕ. ಎರ್ಮೆಕ್ ಮರುಮಾತಾಡದೆ ಕೀಲಿಗೆ ಕೈ ಚಾಚಿದ. ಆ ಕಣಿವೆಯ ಒಂದೊಂದು ಹಟ್ಟಿಯೂ ಅವನಿಗೆ ಗೊತ್ತು. ಯಾರ ಮನೆಯ ಕುದುರೆ ಕುಂಟುತ್ತದೆ, ಯಾರ ಮನೆಯ ಅಜ್ಜ ನಾಟಕದವರನ್ನು ಕಂಡರೆ ಬೈಯುತ್ತಾನೆ, ಎಲ್ಲ ಬಾಯಿಪಾಠ.

ಮುಂದಿನ ಸೀಟಲ್ಲಿ ಸಲ್ಕಿನ್ ಯಾಕೆ ಕೂರುತ್ತಿದ್ದಳು ಅಂತ ನನ್ನ ಕೇಳಬೇಡಿ. ಹಿಂದೆ ಕೂತರೆ ತಲೆ ಸುತ್ತುತ್ತದೆ ಅಂತ ಅವಳು ಹೇಳುತ್ತಿದ್ದಳು. ಮೂರು ವರ್ಷದಿಂದ ಹಿಂದೆಯೇ ಕೂತು ತಿರುಗಿದವಳಿಗೆ ಈಗ ತಲೆ ಸುತ್ತು!

ಒಂದು ಮಧ್ಯಾಹ್ನ ಹೊಳೆದಂಡೆಯಲ್ಲಿ ವ್ಯಾನ್ ನಿಲ್ಲಿಸಿ ಎಲ್ಲರೂ ರೊಟ್ಟಿ ಮುರಿಯುತ್ತಿದ್ದಾಗ ಅವಳು ಮನಸ್ಸು ಬಿಚ್ಚಿದಳು.

"ನಾನು ತಂಡ ಬಿಡ್ತಿದೀನಿ ಎರ್ಮೆಕ್. ಬಿಷ್ಕೆಕ್‌ನಲ್ಲಿ ಒಂದು ಸಿನಿಮಾ ಸಿಕ್ಕಿದೆ. ಹೊಲಿಗೆ ಕಾರ್ಖಾನೆ ಹುಡುಗಿಯರ ಕಥೆ, ನಂದೇ ಮುಖ್ಯ ಪಾತ್ರ. ಅದಾದ್ಮೇಲೆ... ಸಾಕು ಅನ್ಸುತ್ತೆ."

"ಸಾಕು ಅಂದ್ರೆ?"

"ಈ ಥರದ್ದೆಲ್ಲ ಸಾಕು. ನಗಿಸೋ ಧಾರಾವಾಹಿಗೆ ಕರೀತಿದಾರೆ, ಹೋಗ್ತೀನಿ. ಮೂರು ವರ್ಷದಿಂದ ಊರೂರಲ್ಲಿ ಅಳ್ತಾ ಇದೀನಿ. ಜನಾನೂ ಅಳ್ತಾರೆ. ಆಮೇಲೆ ಮನೆಗೆ ಹೋಗಿ ಉಂಡು ಮಲಗ್ತಾರೆ. ಒಂದು ಹುಡುಗಿಗಾದ್ರೂ ನನ್ನಿಂದ ಉಪಯೋಗ ಆಯ್ತಾ? ಹೇಳಿ ನೋಡೋಣ!"

ಎರ್ಮೆಕ್ ಬಾಯಿ ತೆರೆದ. ಏನೋ ಹೇಳಲು ಬಂದವನು ನುಂಗಿಕೊಂಡ. "ಬಿಡ್ಬೇಡಿ" ಅಂದ ಅಷ್ಟೇ.

"ಯಾಕೆ?"

"ಬಿಡ್ಬೇಡಿ ಸಲ್ಕಿನ್... ಕೈ ಮುಗೀತೀನಿ."

'ಇಷ್ಟು ದೊಡ್ಡ ದೇಹ, ಮಾತು ಮಾತ್ರ ಎರಡೇ...' ಅಂದುಕೊಂಡಳು. ಆದರೆ ಆ ಎರಡು ಮಾತು ಅವಳನ್ನು ಊರಿಂದ ಊರಿಗೆ ಹಿಂಬಾಲಿಸಿದವು. ಕೊನೆಯ ಊರು ಮುಗಿಯುವಷ್ಟರಲ್ಲಿ ಇಬ್ಬರ ನಡುವಿನ ಬಹುವಚನ ಯಾವಾಗಲೋ ಕಳಚಿಬಿದ್ದಿತ್ತು.

ರಾಜಧಾನಿ ಬಿಷ್ಕೆಕ್‌ಗೆ ಹೊರಡುವ ದಿನ ಎರ್ಮೆಕ್‌ನ ತಾಯಿ ಸೈರಾಕಾನ್ ತಂಡವನ್ನೆಲ್ಲ ಕೋಕ್-ಜಾರ್‌ನ ತನ್ನ ಮನೆಗೆ ಚಹಾಕ್ಕೆ ಕರೆದಳು. ನಮ್ಮಲ್ಲಿ ಅತಿಥಿ ಬಂದರೆ ನೆರೆಹೊರೆಯೂ ಬಂದಂತೆಯೇ. ಮನೆ ತುಂಬಾ ಜನ. ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್‌ಗಳ ರಾಶಿ, ಬೆಣ್ಣೆ, ಏಪ್ರಿಕಾಟ್ ಜಾಮ್. ಒಳಕೋಣೆಯ ಬಾಗಿಲು ಮಾತ್ರ ಯಾಕೋ ಮುಚ್ಚಿಯೇ ಇತ್ತು.

ಸೈರಾಕಾನ್ ಹೆಚ್ಚು ಮಾತಿನವಳಲ್ಲ. ಸಲ್ಕಿನ್‌ಳ ಬಟ್ಟಲಿಗೆ ಚಹಾ ಸುರಿಯುತ್ತಲೇ ಇದ್ದಳು, ಅವಳನ್ನು ನೋಡುತ್ತಲೇ ಇದ್ದಳು.

ಎಲ್ಲರೂ ಏಳುವ ಹೊತ್ತು. ಮುದುಕಿ ಇದ್ದಕ್ಕಿದ್ದಂತೆ ಸಲ್ಕಿನ್‌ಳ ಗಲ್ಲ ಹಿಡಿದು, ಜೇಬಿನಿಂದ ಒಂದು ಜೊತೆ ಬೆಳ್ಳಿ ಓಲೆ ತೆಗೆದು ಅವಳ ಕಿವಿಗೆ ಹಾಕಿಬಿಟ್ಟಳು!

"ನೂರು ವರ್ಷ ಬಾಳು ಮಗಳೇ..."

ನೆರೆಮನೆಯ ಹೆಂಗಸು ಚಪ್ಪಾಳೆ ತಟ್ಟಿ ಕೂಗಿದಳು. "ಓಹೋ! ಸೈರಾಕಾನ್‌ಗೆ ಸೊಸೆ ಸಿಕ್ಕಿದ್ಳು! ಬಾಯಿ ಸಿಹಿ ಮಾಡ್ರೇ!"

ಸಲ್ಕಿನ್‌ಳ ರಕ್ತ ಕುದಿಯಿತು. ಗಂಡಿನ ತಾಯಿ ಕೈಯಾರೆ ಕಿವಿಗೆ ಓಲೆ ಹಾಕಿದರೆ ಏನರ್ಥ ಅಂತ ನಮ್ಮಲ್ಲಿ ಎಳೆಮಗುವಿಗೂ ಗೊತ್ತು. ಹುಡುಗಿ ಗೊತ್ತಾದಳು, ಮಾತು ಮುಗಿಯಿತು!

'ನನ್ನನ್ನ ಒಂದು ಮಾತು ಕೇಳ್ಲಿಲ್ಲ! ಊರೂರಲ್ಲಿ ಇದನ್ನೇ ಬೇಡ ಬೇಡ ಅಂತ ಅತ್ತವಳು ನಾನು...'

ಎರ್ಮೆಕ್‌ನತ್ತ ನೋಡಿದಳು. ಅವನು ಕಿವಿಯವರೆಗೂ ಕೆಂಪಾಗಿ, ಒಮ್ಮೆ ತಾಯಿಯನ್ನು, ಒಮ್ಮೆ ಒಳಕೋಣೆಯ ಬಾಗಿಲನ್ನು ನೋಡುತ್ತಾ ನಿಂತಿದ್ದ.

"ಮಾತಾಡೋ! ಇದೇನಿದು?"

"ಸಲ್ಕಿನ್... ಇದು... ಈಗ ಹೇಳೋಕಾಗಲ್ಲ..."

"ಹೇಳೋಕಾಗಲ್ವಾ? ಮಾಡೋಕೆ ಮಾತ್ರ ಆಗುತ್ತಾ?"

ಅವಳು ಓಲೆ ಬಿಚ್ಚಿದಳು. ಮುದುಕಿಯ ಅಂಗೈಗೆ ಇಟ್ಟಳು. "ಅಮ್ಮಾ, ಬಾಯಿ ಮುಚ್ಕೊಂಡು ಸೊಸೆ ಆಗೋದು ನಾನು ನಾಟಕದಲ್ಲಿ ಮಾತ್ರ."

ಸೈರಾಕಾನ್ ನೆರೆಯವರತ್ತ ಒಮ್ಮೆ ನೋಡಿ, ಓಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಎರ್ಮೆಕ್ ಅಂಗಳದವರೆಗೆ ಓಡಿ ಬಂದ. "ನೀನು ಅಂದ್ಕೊಂಡ ಹಾಗಲ್ಲ ಕಣೇ..."

"ನೀನೂ ನಾನು ಅಂದ್ಕೊಂಡ ಹಾಗಲ್ಲ ಅಂತ ಗೊತ್ತಾಯ್ತು. ಸಾಕು!"

ಜ್ವರ ಬಿಟ್ಟೆದ್ದ ಹಳೇ ಚಾಲಕನೇ ವ್ಯಾನ್ ಹೊರಡಿಸಿದ. ಬಿಷ್ಕೆಕ್ ತಲುಪುವವರೆಗೆ ಅವಳು ಹಿಂದಿನ ಸೀಟಿನಲ್ಲೇ ಕೂತು ಅತ್ತಳು. ತಲೆಯೇನೂ ಸುತ್ತಲಿಲ್ಲ.

ಸಿನಿಮಾದ ಚಿತ್ರೀಕರಣ ನಾಲ್ಕು ತಿಂಗಳು ನಡೆಯಿತು. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಅವಳ ಬೆರಳಿಗೆ ನಿಜವಾಗಿಯೂ ಸೂಜಿ ಚುಚ್ಚಿತು. ನಿರ್ದೇಶಕರು ಬೆನ್ನು ತಟ್ಟಿದರು. ಎರ್ಮೆಕ್‌ನ ಸಂದೇಶ ಬಂದಾಗಲೆಲ್ಲ ಓದದೆ ಅಳಿಸಿದಳು. ಅಳಿಸಿದ ಮೇಲೆ, ಏನು ಬರೆದಿದ್ದನೋ ಅಂತ ಒದ್ದಾಡಿದಳು. ಪ್ರೀತಿ ಅಂದರೆ ಇಷ್ಟೇ ತಾನೇ... ಇತ್ತ ಬಿಡಲೂ ಆಗದು, ಅತ್ತ ಹಿಡಿಯಲೂ ಆಗದು!

ಧಾರಾವಾಹಿಯವರು ಕರಾರುಪತ್ರ ಕಳಿಸಿದ್ದರು. ನಾಳೆ ಸಹಿ ಮಾಡಬೇಕು. ತಂಡದಲ್ಲಿ ಉಳಿದ ತನ್ನ ಸಾಮಾನು ತೆಗೆದುಕೊಳ್ಳಲು ಅವಳು ಬೆಳಿಗ್ಗೆ ರಂಗಮಂದಿರಕ್ಕೆ ಹೋದಳು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಾಯುತ್ತಿದ್ದಳು. ಇಪ್ಪತ್ತೆರಡು ವರ್ಷವಿರಬಹುದು. ಕೆನ್ನೆಯ ಮೂಳೆ, ನೋಟ... ಎಲ್ಲೋ ನೋಡಿದ ಹಾಗಿದೆಯಲ್ಲ!

"ಅಕ್ಕಾ... ನಾನು ಅಸಿಲ್. ಎರ್ಮೆಕ್ ಅಣ್ಣನ ತಂಗಿ."

ಸಲ್ಕಿನ್ ಮುಖ ಬಿಗಿದುಕೊಂಡಳು. "ಅವನು ಕಳಿಸಿದ್ನಾ?"

"ಇಲ್ಲ. ಅವನಿಗೆ ಗೊತ್ತಾದ್ರೆ ಬೈತಾನೆ. ಐದು ನಿಮಿಷ ಕೂತ್ಕೊಳ್ಳಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ."

ಕೂತಳು.

"ಎರಡು ವರ್ಷದ ಹಿಂದೆ ನನ್ನನ್ನ ಎತ್ಕೊಂಡು ಹೋದ್ರು. ನಿಮ್ಮ ನಾಟಕದಲ್ಲಿ ಇದ್ಯಲ್ಲ, ಹಾಗೇ. ಎಂಟು ದಿನ ಆದ್ಮೇಲೆ ತಪ್ಪಿಸ್ಕೊಂಡು ಅಮ್ಮನ ಹತ್ರ ಓಡಿ ಬಂದೆ. ಅಮ್ಮ ಹೊಸ್ತಿಲು ದಾಟೋಕೆ ಬಿಡ್ಲಿಲ್ಲ. 'ಕಲ್ಲು ಬಿದ್ದ ಜಾಗದಲ್ಲೇ ಭಾರ ಮಗಳೇ, ಹೆಣ್ಣಿಗೂ ಸೇರಿದ ಮನೇನೇ ಗತಿ, ಹೋಗು' ಅಂದ್ಳು. ಅಣ್ಣಾನೂ ಸುಮ್ನೆ ನಿಂತಿದ್ದ. ಅವರ ಮನೆಗೇ ವಾಪಸ್ ಹೋದೆ."

ರಂಗದ ಮೇಲೆ ನಡುಗುತ್ತಿದ್ದ ಎರ್ಮೆಕ್‌ನ ಕೈ ಸಲ್ಕಿನ್‌ಳ ಕಣ್ಣ ಮುಂದೆ ಬಂತು.

"ನಿಮ್ಮ ನಾಟಕಕ್ಕೆ ಅಮ್ಮಾನೂ ಬಂದಿದ್ಳು, ಹಿಂದೆ ಬಾಗಿಲ ಹತ್ರ ನಿಂತಿದ್ಳು. ಆಮೇಲೆ ಮನೆಗೆ ಹೋಗಿ ಉಣ್ಣಲಿಲ್ಲ, ಮಲಗಲಿಲ್ಲ. ಬೆಳಕು ಹರೀತಿದ್ದ ಹಾಗೇ ಕುದುರೆ ಹತ್ತಿ ಕಣಿವೆ ದಾಟಿ ಬಂದ್ಳು ಅಕ್ಕಾ, ಒಬ್ಬಳೇ! ಅರವತ್ಮೂರು ವರ್ಷದ ಹೆಂಗಸು! ಅವರ ಅಂಗಳದಲ್ಲಿ ನಿಂತು 'ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ, ಯಾರ್ ತಡೀತೀರೋ ತಡೀರಿ' ಅಂದ್ಳು."

"ಅಸಿಲ್..."

"ಅವತ್ತು ನೀವು ಚಹಾ ಕುಡೀವಾಗ ನಾನು ಒಳಕೋಣೇಲಿ ಇದ್ದೆ. ಅವರ ಕಡೆಯವ್ರು ಎರಡು ಸಲ ಹುಡುಕ್ಕೊಂಡು ಬಂದಿದ್ರು. ನೆರೆಯವ್ರಿಗೆ ಸುಳಿವು ಸಿಕ್ಕಿದ್ರೆ ಮುಗೀತಿತ್ತು. ಅದಕ್ಕೇ ಯಾರೂ ಬಾಯಿ ಬಿಡ್ಲಿಲ್ಲ. ಈಗ ಕೋರ್ಟಲ್ಲಿ ಎಲ್ಲ ಇತ್ಯರ್ಥ ಆಯ್ತು, ಅದಕ್ಕೇ ಬಂದೆ. ಆ ಓಲೆ ನಂದು ಅಕ್ಕ. 'ನನ್ನನ್ನ ವಾಪಸ್ ತಂದುಕೊಟ್ಟ ಹುಡುಗಿಗೆ ಕೊಡು' ಅಂತ ಅಮ್ಮನಿಗೆ ನಾನೇ ಹೇಳಿದ್ದು. ಸೊಸೆಗಲ್ಲ... ಇನ್ನೊಬ್ಬ ಮಗಳಿಗೆ ಅಂತ ಅಮ್ಮ ಹಾಕಿದ್ಳು."

ಒಂದು ಹುಡುಗಿಗಾದರೂ ಉಪಯೋಗ ಆಯಿತಾ ಅಂತ ಹೊಳೆದಂಡೆಯಲ್ಲಿ ಸಲ್ಕಿನ್ ಕೇಳಿದ್ದಳಲ್ಲ... ಆ ಹುಡುಗಿ ಎದುರಿಗೇ ಕೂತಿದ್ದಳು!

"ನಾನು ನಿಮ್ಮಮ್ಮನ ಮುಖಕ್ಕೆ ಹೊಡೆದ ಹಾಗೆ ಮಾತಾಡಿಬಿಟ್ಟೆನಲ್ಲೇ..." ಬಿಕ್ಕಿ ಬಿಕ್ಕಿ ಅತ್ತಳು. ಅಸಿಲ್‌ಳನ್ನು ಬಾಚಿ ತಬ್ಬಿಕೊಂಡಳು. ಆ ಅಳುವಿನಲ್ಲಿ ನಾಚಿಕೆಗಿಂತ ಹೆಚ್ಚಾಗಿ ಯಾವುದೋ ದೊಡ್ಡ ಸಂತೋಷವಿತ್ತು. 'ದೇವರೇ, ನನ್ನ ಕೆಲಸವನ್ನು ನನಗೆ ವಾಪಸ್ ಕೊಟ್ಟೆಯಲ್ಲ!'

ಕರಾರುಪತ್ರ ಸಹಿಯಾಗದೆ ಹಾಗೇ ವಾಪಸ್ ಹೋಯಿತು. ತಂಡದಲ್ಲೇ ಉಳಿಯುತ್ತೇನೆಂದು ಬರ್ಮೆತ್ ಅಕ್ಕನಿಗೆ ಮಾತು ಕೊಟ್ಟದ್ದೂ ಆಯಿತು. ಮಾರನೆಯ ದಿನವೇ ಸಲ್ಕಿನ್ ಕೋಕ್-ಜಾರ್‌ನಲ್ಲಿದ್ದಳು.

ಸೈರಾಕಾನ್ ಅಂಗಳದಲ್ಲಿ ಗಟ್ಟಿಮೊಸರಿನ ಉಂಡೆ ಕಟ್ಟಿ ಒಣಗಿಸುತ್ತಿದ್ದಳು. ಸಲ್ಕಿನ್ ಓಡಿ ಹೋಗಿ ಆ ಮೊಸರುಗೈಗಳನ್ನೇ ಹಿಡಿದು ಹಣೆಗೆ ಒತ್ತಿಕೊಂಡಳು.

"ಅಮ್ಮಾ, ತಪ್ಪಾಯ್ತು. ಗೊತ್ತಿಲ್ದೆ..."

"ಸುಮ್ನಿರೇ. ತಪ್ಪು ನಂದು." ಮುದುಕಿ ಅವಳ ತಲೆ ಎತ್ತಿ ಹಿಡಿದಳು. "ಒಂದು ಮಾತು ಕೇಳಿ ಹಾಕ್ಬೇಕಿತ್ತು. ಮಗಳನ್ನೂ ಕೇಳ್ಲಿಲ್ಲ, ನಿನ್ನನ್ನೂ ಕೇಳ್ಲಿಲ್ಲ. ಈ ವಯಸ್ಸಲ್ಲಿ ಬುದ್ಧಿ ಬರ್ತಿದೆ ನೋಡು ನಂಗೆ! ನಿನ್ನ ಋಣ ಹೇಗೆ ತೀರಿಸ್ಲೋ ತಾಯಿ..."

"ಋಣ ನಂದಮ್ಮ. ನೀವು ಕುದುರೆ ಹತ್ತದೇ ಇದ್ದಿದ್ರೆ ನಾನು ನಾಟಕಾನೇ ಬಿಟ್ಬಿಡ್ತಿದ್ದೆ."

ಇಬ್ಬರೂ ಅತ್ತರು. ಆಮೇಲೆ ಸಲ್ಕಿನ್‌ಳ ಹಣೆಯ ಮೇಲಿನ ಮೊಸರು ನೋಡಿ ಇಬ್ಬರೂ ನಕ್ಕರು.

ಲಾಯದ ಕಡೆಯಿಂದ ಬಂದ ಎರ್ಮೆಕ್ ಕಲ್ಲಾಗಿ ನಿಂತ. ಸಲ್ಕಿನ್ ಅವನ ಹತ್ತಿರ ಹೋದಳು.

"ಕ್ಷಮಿಸ್ತೀಯಾ?"

"ಅವತ್ತು ಎಲ್ಲರೂ ಸೊಸೆ ಅಂದಾಗ ನಂಗೆ ಖುಷಿ ಆಯ್ತು ಕಣೇ. ಆ ಖುಷಿಗೇ ನಾಚಿಕೆ ಆಗಿ ಬಾಯಿ ಕಟ್ಟಿಹೋಯ್ತು. ನೀನು ಕ್ಷಮಿಸು."

"ಖುಷಿ ಆಯ್ತಾ?" ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಹಾಗಾದ್ರೆ... ಏನಾದ್ರೂ ಕೇಳೋದಿದ್ಯಾ ನನ್ನ ಹತ್ರ?"

"ಇದೆ. ಆದ್ರೆ ಇಲ್ಲಿ ಕೇಳಲ್ಲ."

'ಇವನ ತಲೆ! ಇಷ್ಟು ದೂರ ಬಂದವಳಿಗೆ...' ಅವಳಿಗೆ ಅಳುವೇ ಬಂತು.

ಅವನು ಅವಳನ್ನು ಊರ ಕೂಡುರಸ್ತೆಗೆ ಕರೆದುಕೊಂಡು ಹೋದ. ಬಿಷ್ಕೆಕ್ ಟ್ಯಾಕ್ಸಿ ಹೊರಡಲು ಸಿದ್ಧವಾಗಿತ್ತು. ಒಂದೇ ಸೀಟು ಖಾಲಿ. ಎರ್ಮೆಕ್ ಅದರ ಬಾಗಿಲು ತೆರೆದು ಹಿಡಿದ.

"ಕಳಿಸಿಬಿಡ್ತೀಯಾ?" ಅವಳ ದನಿ ಒಡೆಯಿತು.

"ನಮ್ಮ ಮನೇಲಿ, ಅಮ್ಮನ ಎದುರಿಗೆ, ನಮ್ಮನೆ ರೊಟ್ಟಿ ತಿಂದು ಕೂತಾಗ ಕೇಳಿದ್ರೆ ನಿನಗೆ ಇಲ್ಲ ಅನ್ನೋಕೆ ಕಷ್ಟ ಆಗುತ್ತೆ. ಇಲ್ಲಿ ಬಾಗಿಲು ತೆಗೆದಿದೆ. ಇಲ್ಲ ಅಂದ್ರೆ ಹತ್ತಿ ಹೋಗು, ನಾನೇನೂ ಬೇಜಾರು ಮಾಡ್ಕೊಳಲ್ಲ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಿನ್ನ ನಾಟಕ, ನಿನ್ನ ಸಿನಿಮಾ, ನಿನ್ನ ಊರೂರು ತಿರುಗಾಟ ಎಲ್ಲ ನಿಂದೇ. ಅದರ ಜೊತೆಗೆ ನಾನೂ ಇರ್ಲಾ? ನನ್ನ ಮದುವೆ ಆಗ್ತೀಯಾ ಸಲ್ಕಿನ್?"

"ಹೇಳಮ್ಮ ಬೇಗ! ನಾವು ಕತ್ತಲಾಗೋದ್ರೊಳಗೆ ಊರು ಸೇರ್ಬೇಕು!" ಒಳಗಿಂದ ಅಜ್ಜನೊಬ್ಬ ಕೂಗಿದ.

"ಅವಸರ ಮಾಡ್ಬೇಡಿ ಅಜ್ಜ! ಅವಳು ನಿಧಾನಕ್ಕೆ ಯೋಚಿಸ್ಲಿ!" ಎರ್ಮೆಕ್ ಗದರಿದ.

ಮೂರು ವರ್ಷ, ನೂರಾರು ಪ್ರದರ್ಶನ. ಎಷ್ಟು ಸಲ ಅವಳನ್ನು ಹೊತ್ತು ತಂದಿದ್ದರು, ಎಳೆದಿದ್ದರು, ಕೂರಿಸಿದ್ದರು! ಆ ನಾಟಕದಲ್ಲಿ ಯಾರೂ ಯಾವತ್ತೂ ಅವಳಿಗಾಗಿ ಒಂದು ಬಾಗಿಲು ತೆರೆದು ಹಿಡಿದಿರಲಿಲ್ಲ.

"ಹೂಂ," ಅಂದಳು ಸಲ್ಕಿನ್, ಕಣ್ಣೀರಿನ ನಡುವೆ ನಗುತ್ತಾ. "ಆಗ್ತೀನಿ ಕಣೋ... ಆಗ್ತೀನಿ!"

ಟ್ಯಾಕ್ಸಿಯಲ್ಲಿದ್ದವರೆಲ್ಲ ಹೋ ಎಂದರು. ಅವಳು ಅವನ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿ, ಹತ್ತಿ ಕೂತಳು.

"ಅರೆ! ಹೂಂ ಅಂದು ಹೊರಟೇಬಿಟ್ಯಾ?" ಎರ್ಮೆಕ್ ಕಕ್ಕಾಬಿಕ್ಕಿಯಾದ.

"ನಾಳೆ ಪ್ರದರ್ಶನ ಇದೆ ಮಾರಾಯಾ! ಬರ್ಮೆತ್ ಅಕ್ಕ ಕೊಂದೇಬಿಡ್ತಾಳೆ. ಭಾನುವಾರ ಬರ್ತೀನಿ."

"ಕಾಯ್ತಿರ್ತೀನಿ."

ಗಾಡಿ ಹೊರಟಿತು. ಅವಳು ಕಿಟಕಿ ಇಳಿಸಿ ತಲೆ ಹೊರಹಾಕಿದಳು.

"ಎರ್ಮೆಕ್! ಥ್ಯಾಂಕ್ಸ್ ಕಣೋ!"

"ಯಾತಕ್ಕೇ?"

"ಕೇಳಿದ್ದಕ್ಕೆ!"